ಮರ್ಯಾದೆಗೆ ಬಿಗಿಯಾದ ಬೂಟು

ಜಾಲಹಳ್ಳಿಗೆ ಹತ್ತಿರದ ಸಿಂಗಾಪುರ ಬಡಾವಣೆಯ ಹಿಂಬದಿಯ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಮಾಡಿನ ಪುಟ್ಟ ಅಂಗಡಿಯಲ್ಲಿ ಆಂಜನೇಯನ ಪಟಕ್ಕೆ ಊದುಬತ್ತಿ ಹಚ್ಚಿ, ಮುನಿಆಂಜಿನಪ್ಪ ನೆಲದ ಮೇಲೆ ಕಂದು ಕಾಗದ ಹಾಸುತ್ತಾರೆ. ಅದರ ಮೇಲೆ ಬರಿಗಾಲಲ್ಲಿ ನಿಂತವರು ಕಲಾವತಿ. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾರೆ. ಅರವತ್ತೆಂಟರ ಹಿರಿಯರು ಪೆನ್ಸಿಲ್ ಹಿಡಿದು ಅವರ ಪಾದದ ಬಳಿ ಬಗ್ಗುತ್ತಾರೆ. ಬೆರಳು ತಾಗಿದ್ದೇ ತಡ, ಕಲಾವತಿ ಕೆಂಡ ತುಳಿದವರಂತೆ ಕಾಲು ಹಿಂದಕ್ಕೆಳೆದುಕೊಂಡು, ತಾವೇ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

"ಅಯ್ಯೋ ರಾಮ!" ಮುನಿಆಂಜಿನಪ್ಪ ಪೆನ್ಸಿಲನ್ನು ನೆಲಕ್ಕೆ ಕುಕ್ಕುತ್ತಾರೆ. "ನನ್ ಕಾಲ್ ಯಾಕಮ್ಮ ಮುಟ್ತೀಯ? ಬೂಟು ಆಕ್ಕೊಂಡು ಕುಲುಮೆಗೆ ಓಗೋಳು ನೀನಾ, ನಾನಾ?"

"ನಮ್ಮಪ್ಪನ ವಯಸ್ಸು ಯಜಮಾನ್ರೆ ನಿಮ್ಗೆ. ನೀವು ನನ್ ಕಾಲು ಹಿಡಿದ್ರೆ ಪಾಪ ಸುತ್ಕೊಳ್ಳುತ್ತೆ."

"ಇದು ಮೂರನೇ ಸಲ ಕಣಮ್ಮ. ಪಾಪ ನಂಗೆ ಸುತ್ಕೊಂಡೈತೆ!"

ಕಾರ್ಖಾನೆ ಕೆಲಸಕ್ಕೆ ಬೇಕಾದ ಗಟ್ಟಿ ಬೂಟನ್ನು ಒಬ್ಬೊಬ್ಬರ ಕಾಲಿನ ಅಳತೆ ಹಿಡಿದು ಕೈಯಲ್ಲೇ ಹೊಲಿಯುವವರು ಈ ಭಾಗದಲ್ಲಿ ಈಗ ಇವರೊಬ್ಬರೇ ಉಳಿದಿದ್ದಾರೆ. ವಾರಕ್ಕೆ ಎರಡು ಜೊತೆ. ದಪ್ಪ ಅಟ್ಟೆ, ಬೆರಳುಗಳ ಮೇಲೆ ಉಕ್ಕಿನ ಟೊಪ್ಪಿ, ಕಣಕಾಲು ಮುಚ್ಚುವ ತೊಗಲು. ಅಂಗಡಿ ತೆರೆಯುವುದು ಪಾಳಿ ಬಿಡುವ ಮುಂಜಾವಿಗೆ. "ರಾತ್ರಿಯೆಲ್ಲ ನಿಂತು ಬಂದ ಕಾಲು ಊದಿರ್ತದೆ. ಆ ಊದಿದ ಕಾಲಿಗೇ ಅಳತೆ ತಗೋಬೇಕು. ನಿದ್ದೆ ಮಾಡಿ ಎದ್ದು ಬಂದ ಕಾಲು ಮದುಮಗನ ಕಾಲಿದ್ದಂಗೆ, ಅದನ್ನ ನಂಬ್ಬಾರ್ದು" ಎನ್ನುತ್ತಾರೆ.

ಕಲಾವತಿಯವರದು ಅಲ್ಯೂಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ. ಕುಲುಮೆಯ ಬಳಿ ನಿಲ್ಲುವ ಹೆಂಗಸು ಅಲ್ಲಿ ಇವರೊಬ್ಬರೇ. ಕಾರ್ಖಾನೆ ಕೊಡುವ ಬೂಟುಗಳೆಲ್ಲ ಗಂಡಸರ ಅಳತೆಯವು; ಬಟ್ಟೆ ತುರುಕಿಕೊಂಡು ನಡೆದು ಒಮ್ಮೆ ಮುಗ್ಗರಿಸಿದ ಮೇಲೆ ಮುನಿಆಂಜಿನಪ್ಪನವರನ್ನು ಹುಡುಕಿ ಬಂದರು. ಮೊದಲ ಅಳತೆಯ ದಿನವೂ ಹೀಗೇ ಸಂಕೋಚದಿಂದ ಬೆರಳು ಮಡಿಚಿಕೊಂಡು, ಭಾರವನ್ನೆಲ್ಲ ಇನ್ನೊಂದು ಕಾಲಿಗೆ ಹಾಕಿ ನಿಂತಿದ್ದರು. ಕಾಗದದ ಮೇಲೆ ಪಾದ ಬಡವಾಗಿ ಮೂಡಿತು, ಬೂಟು ಬಿಗಿಯಾಯಿತು. ಹಾಕಿ ನೋಡುವಾಗಲಾದರೂ ಹೇಳಬಾರದೆ? "ಪರ್ವಾಗಿಲ್ಲ ಯಜಮಾನ್ರೆ, ಅಡ್ಜಸ್ಟ್ ಆಗುತ್ತೆ" ಎಂದು ನಗುತ್ತಾ ಹೋದರು.

ಅಡ್ಜಸ್ಟ್ ಆಗಲಿಲ್ಲ. ಬೊಬ್ಬೆಗಳ ನೋವು ತಾಳಲಾರದೆ ಒಂದು ರಾತ್ರಿ ಚಪ್ಪಲಿಯಲ್ಲೇ ಕುಲುಮೆಯ ಬಳಿ ನಿಂತದ್ದನ್ನು ಸೂಪರ್‌ವೈಸರ್ ಕಂಡರು. ಅಂದೇ ಪ್ಯಾಕಿಂಗಿಗೆ ಕಳಿಸಿದರು. ಬರುವ ಸೋಮವಾರದ ಪಾಳಿಗೆ ಕಾಲಿಗೆ ಸರಿಯಾದ ಬೂಟಿನಲ್ಲಿ ಬರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಎಂದರು. "ಡಬ್ಬಕ್ಕೆ ಟೇಪ್ ಅಂಟ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ. ಲೋಹ ಹೊಯ್ಯೋದು ನಾನು ಕೈ ಸುಟ್ಕೊಂಡು ಕಲ್ತಿದ್ದು" ಎನ್ನುವಾಗ ಕಲಾವತಿಯವರ ದನಿ ತಗ್ಗುತ್ತದೆ.

ಎರಡನೇ ಸಲ ಮುನಿಆಂಜಿನಪ್ಪನವರ ಪತ್ನಿ ಗೋಪಾಲಮ್ಮ ಅಳತೆ ತೆಗೆದರು. ಹೆಂಗಸಿನ ಕಾಲು ಹೆಂಗಸು ಹಿಡಿದರೆ ಸಂಕೋಚವಿಲ್ಲವಲ್ಲ! ಬೂಟು ದೊಗಳೆಯಾಯಿತು.

"ಇವ್ಳು ಅನ್ನ ಬಡಿಸ್ದಂಗೆ ಅಳತೆ ತಗೊಂಡವ್ಳೆ" ಎಂದು ಗಂಡ ಗೊಣಗುತ್ತಾರೆ. "ಇನ್ನೊಸಿ ಇರ್ಲಿ, ಇನ್ನೊಸಿ ಇರ್ಲಿ ಅಂತ."

"ಮಕ್ಳಿಗೆ ತಗೊಂಡು ರೂಢಿ. ಬೆಳೆಯೋ ಕಾಲು ಅಂತ ಒಂದ್ ಬೆರಳು ಬಿಡ್ತೀವಪ್ಪ."

"ಮೂವತ್ತೈದು ವರ್ಷದ ಎಂಗಸು ಇನ್ನೆಲ್ಲೇ ಬೆಳೀತಾಳೆ?"

ಮುನಿಆಂಜಿನಪ್ಪನವರ ತಂದೆ ಇದೇ ಸಿಂಗಾಪುರ ಹಳ್ಳಿಯಾಗಿದ್ದಾಗ ಬಾವಿಯಿಂದ ನೀರೆತ್ತುವ ತೊಗಲಿನ ಕಪಿಲೆ ಚೀಲ ಹೊಲಿಯುತ್ತಿದ್ದವರು. ಚಪ್ಪಲಿಯನ್ನೂ ಮಾಡುತ್ತಿದ್ದರು. ಆದರೆ ಹೊಲದೊಡೆಯರ ಕಾಲನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ. ಒಡೆಯರು ಪಾದದುದ್ದಕ್ಕೆ ತೆಂಗಿನ ಕಡ್ಡಿ ಮುರಿದು ಅಂಗಳದಾಚೆ ಎಸೆಯುತ್ತಿದ್ದರು. ಅದನ್ನು ಆಯ್ದುಕೊಂಡು ಬಂದು ಅಳತೆ ಮಾಡಿಕೊಳ್ಳಬೇಕಿತ್ತು. ಕಡ್ಡಿಗೆ ಉದ್ದ ಗೊತ್ತು, ಅಗಲ ಗೊತ್ತಿಲ್ಲ. ಚಪ್ಪಲಿ ಕಚ್ಚಿದರೆ ಬೈಗುಳ ತಂದೆಗೆ.

"ಆಗ ಮೈಲಿಗೆ ಅಂತ ಕಾಲು ಕೊಡ್ತಿರ್ಲಿಲ್ಲ. ಈಗ ಮರ್ಯಾದೆ ಅಂತ ಕೊಡಕ್ಕಿಲ್ಲ. ಒಟ್ನಲ್ಲಿ ನಮ್ ವಂಶಕ್ಕೆ ಕಾಲೇ ಸಿಗಕ್ಕಿಲ್ಲ" ಎಂದು ಮುನಿಆಂಜಿನಪ್ಪ ತಲೆ ಚಚ್ಚಿಕೊಳ್ಳುತ್ತಾರೆ. ದೇವರ ಪಾದ ಹಿಡಿಯಲು ಜನ ಸಾಲುಗಟ್ಟಿ ನಿಲ್ಲುವ ನಾಡಿನಲ್ಲಿ, ದುಡಿದು ಬಂದ ಪಾದವೊಂದನ್ನು ಹಿಡಿಯಲು ಈ ಮನುಷ್ಯ ದಿನವೂ ಬೇಡಬೇಕಾಗಿದೆ. ಫೋನಿನಲ್ಲಿ ಪಾದದ ಫೋಟೋ ಕಳಿಸುವವರೂ ಇದ್ದಾರೆ. ಆ ಮಾತೆತ್ತಿದರೆ ಮುನಿಆಂಜಿನಪ್ಪ ದಬ್ಬಣ ಕೆಳಗಿಟ್ಟು ಹೊರಗೆ ಹೋಗಿಬಿಡುತ್ತಾರೆ.

ಕೊನೆಗೆ ಉಪಾಯ ಹೊಳೆಯುವುದು ಗೋಪಾಲಮ್ಮನಿಗೆ. ಒಳಗಿನಿಂದ ರಾಗಿ ಚೀಲವನ್ನು ಎಳೆದು ತಂದು, "ಇಡ್ಕೊಳವ್ವ" ಎಂದು ಕಲಾವತಿಯವರ ತೋಳಿಗೆ ಹೇರುತ್ತಾರೆ. ಲೋಹದ ಭಾರ ಎತ್ತಿ ರೂಢಿಯಾದ ತೋಳು ತಾನೇ ಚಾಚಿಕೊಳ್ಳುತ್ತದೆ. ಹೊರೆ ಬಂದದ್ದೇ ಎರಡು ಪಾದಗಳೂ ಕಾಗದದ ಮೇಲೆ ಅಗಲವಾಗಿ, ಗಟ್ಟಿಯಾಗಿ ಊರಿಕೊಳ್ಳುತ್ತವೆ. ಹಿಂದಕ್ಕೆಳೆದುಕೊಂಡರೆ ರಾಗಿ ನೆಲದ ಪಾಲು.

"ಅಳ್ಳಾಡ್ಬೇಡ!" ಮುನಿಆಂಜಿನಪ್ಪ ನೆಲಕ್ಕೆ ಮಂಡಿಯೂರಿ ಹಿಮ್ಮಡಿ, ಕಿರುಬೆರಳು, ಪಾದದ ಗೂನು ಎಲ್ಲವನ್ನೂ ಬಳಸಿ ಗೆರೆ ಎಳೆಯುತ್ತಾರೆ.

"ಬೇಗ ಯಜಮಾನ್ರೆ, ಕೈ ಬೀಳ್ತಿದೆ!"

"ಬೀಳ್ಲಿ. ನಾಕು ದಿನದಿಂದ ನನ್ ಮಾನ ಬಿದ್ದೈತೆ."

ಸೋಮವಾರ ಬೆಳಗ್ಗೆ ಮೂರನೇ ಜೊತೆ ಸಿದ್ಧವಾಗಿದೆ. ಕಲಾವತಿ ಹಾಕಿಕೊಂಡು ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆಯುತ್ತಾರೆ. "ಸರಿಯಾಗಿದೆ" ಎನ್ನುತ್ತಾರೆ. ಅದೇ ನಗು. ಮುನಿಆಂಜಿನಪ್ಪ ಅವರ ಮುಖವನ್ನೇ ನೋಡುತ್ತಾರೆ. ಕಲಾವತಿ ಕೈ ಮುಗಿದು ಹೊರಡುತ್ತಾರೆ, ಓಣಿಯ ತಿರುವಿನವರೆಗೆ ಹೋಗುತ್ತಾರೆ, ನಿಲ್ಲುತ್ತಾರೆ. ಆಮೇಲೆ ದಡದಡನೆ ಹಿಂದಿರುಗಿ ಬಂದು ಮಣೆಯ ಮೇಲೆ ಕುಳಿತು, ಎಡಗಾಲನ್ನು ಹಿರಿಯರ ಮಡಿಲಿಗೇ ಇಡುತ್ತಾರೆ.

"ಇಲ್ಲ ಯಜಮಾನ್ರೆ, ಸರಿಯಾಗಿಲ್ಲ. ಕಿರುಬೆರಳ ಹತ್ರ ಒತ್ತುತ್ತೆ. ಮೊದ್ಲನೇ ಜೊತೇಲೂ ಒತ್ತುತ್ತಿತ್ತು, ರಾತ್ರಿಯೆಲ್ಲ ಅಳ್ತಾ ನಿಂತಿದ್ದೆ. ಬೂಟು ಮಾಡೋರಿಗೆ ಅಷ್ಟೂ ಗೊತ್ತಾಗ್ಬಾರ್ದಾ?"

"ಬೈತಾಳೆ ಕಣೇ!" ಒಳಗಿರುವ ಹೆಂಡತಿಗೆ ಕೂಗಿ ಹೇಳುತ್ತಾರೆ ಮುನಿಆಂಜಿನಪ್ಪ. ಬೂಟು ಬಿಚ್ಚಿಸಿ, ಒತ್ತುವ ಜಾಗದ ತೊಗಲನ್ನು ನೀರಲ್ಲಿ ನೆನೆಸಿ, ಒಳಗೆ ದುಂಡು ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಹಾಕಿಸಿ ನೋಡುತ್ತಾರೆ. "ಇನ್ನೂ ಸ್ವಲ್ಪ" ಎನ್ನುತ್ತಾರೆ ಕಲಾವತಿ. ಮತ್ತೆ ಬಡಿಯುತ್ತಾರೆ. "ಇನ್ನೂ ಒಂಚೂರು." ಮುದುಕರಿಗೆ ಬೇಸರವೇ ಇಲ್ಲ.

"ಈಗ ಸರಿ. ನಿಜವಾಗ್ಲೂ ಸರಿ. ರಾತ್ರಿ ಒತ್ತಿದ್ರೆ ಬೆಳಗ್ಗೆ ಬಂದು ಜಗಳ ಆಡ್ತೀನಿ."

ಮಂಗಳವಾರದ ಮುಂಜಾವು. ದಬ್ಬಣ ಕೈಯಲ್ಲಿದ್ದರೂ ಮುನಿಆಂಜಿನಪ್ಪನವರ ಕಣ್ಣು ಓಣಿಯ ತುದಿಯಲ್ಲಿದೆ. ಪಾಳಿ ಬಿಟ್ಟವರ ಗುಂಪು ಮಾತಾಡುತ್ತಾ ಬರುತ್ತದೆ. ನಡುವೆ ಕಲಾವತಿ, ತೋಳಿನ ಮೇಲೆ ಕುಲುಮೆಯ ಮಸಿ. ಯಾರದೋ ಮಾತಿಗೆ ಜೋರಾಗಿ ನಗುತ್ತಾ, ಅಂಗಡಿಯ ಕಡೆ ಒಮ್ಮೆ ಕೈಯೆತ್ತಿ, ಬಿರಬಿರನೆ ನಡೆದು ದಾಟಿ ಹೋಗುತ್ತಾರೆ.

"ಎಡಗಾಲು ಎಳೀತಿದ್ಲಾ?" ಎಂದು ಮುನಿಆಂಜಿನಪ್ಪ ಕೇಳುತ್ತಾರೆ.

"ಇಲ್ವಲ್ಲ" ಎನ್ನುತ್ತಾರೆ ಗೋಪಾಲಮ್ಮ.

"ನೋಡು, ಜಗಳಕ್ಕೆ ಅಂತ ಕಾಯ್ಕೊಂಡ್ ಕೂತಿದ್ರೆ ನಿಲ್ಲೇ ಇಲ್ಲ" ಎಂದು ಗೊಣಗಿ, ಮುಂದಿನವರಿಗೆ ಕಾಗದ ಹಾಸುತ್ತಾರೆ.