ಐದನೇ ಸಂಪುಟಕ್ಕೆ ಅಕ್ಕೋರು ಕೊಟ್ಟ ಅಂಕ

ಮೊನ್ನೆ ಕಪಾಟು ತೆಗೆದಾಗ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮಗಳು ಕೆಳಗಿನ ಖಾನೆಗೆ ಕೈಹಾಕಿ ದಪ್ಪನೆಯ ಪುಸ್ತಕಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದಳು. ಒಂದೇ ಕಾದಂಬರಿಯ ಏಳು ಸಂಪುಟ. ರೇಷ್ಮೆ ಸೀರೆಗಳಿಗೆ ಹಾಕುವ ಆ ಗುಳಿಗೆಯನ್ನು ಪುಸ್ತಕಗಳ ನಡುವೆ ಇಡುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ... ಬಾಜೂ ಮನೆಯ ಅಕ್ಕೋರು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನವರು. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಕನ್ನಡ ತಿದ್ದಿಸುತ್ತಲೇ ನಿವೃತ್ತರಾಗಿ, ನೌಕರಿಯಲ್ಲಿದ್ದ ತಂಗಿಯ ಜೊತೆ ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದಲ್ಲೇ ಇದ್ದರು.

ನಾನು ಆಗ ಬಸುರಿ. ಮೊದಲನೆಯದು ಐದನೇ ತಿಂಗಳಿಗೇ ಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದು ಅಂದಿದ್ದರು ನಮ್ಮ ಲೇಡಿ ಡಾಕ್ಟರು, ಡಾಕ್ಟರ್ ಬಾಯಿ. ಗಂಡ ಕೆಲಸಕ್ಕೆ ಹೋದ ಮೇಲೆ ಫ್ಯಾನು ನೋಡುತ್ತ ಮಲಗಿದರೆ, ಹೊಟ್ಟೆಯೊಳಗೆ ಏನು ಮಿಸುಕಿದರೂ ಎದೆ ಹಾರುತ್ತಿತ್ತು. ಮಿಸುಕದಿದ್ದರೆ ಇನ್ನೂ ಹೆಚ್ಚು. ಹಾಗಿರುವಾಗ ಒಂದು ಮಧ್ಯಾಹ್ನ ಅಕ್ಕೋರು ಮೊದಲ ಸಂಪುಟವನ್ನು ಬಗಲಲ್ಲಿಟ್ಟುಕೊಂಡು ಬಂದು, ನೀನು ಸುಮ್ಮನೆ ಮಲಗು, ನಾನು ಓದುತ್ತೇನೆ ಅಂದರು.

ಅದೊಂದು ಮಾಯೆಯ ರಾಜ್ಯದ ಕಥೆ. ಅಲ್ಲಿ ಸತ್ತವರ ನೆರಳುಗಳು ಹೊಳೆ ದಾಟಲು ದಂಡೆಗೆ ಬರುತ್ತವೆ. ದೋಣಿ ನಡೆಸುವ ಹುಡುಗಿಯೊಬ್ಬಳು ಅವನ್ನು ಆಚೆಗೆ ಮುಟ್ಟಿಸುತ್ತಾಳೆ. ಅವಳ ತಾಯಿಯ ನೆರಳು ಮಾತ್ರ ಇನ್ನೂ ಬಂದಿಲ್ಲ. ಮೊದಲ ಮೂರು ಸಂಪುಟಗಳನ್ನು ಅಕ್ಕೋರು ಓದುತ್ತಿದ್ದರೆ ನಾನು ಊಟ ಮರೆಯುತ್ತಿದ್ದೆ. ಸಂಪುಟ ಮುಗಿದಾಗೆಲ್ಲ ಅವರು ಕನ್ನಡಕ ತೆಗೆದು ನೂರಕ್ಕೆ ಅಂಕ ಹೇಳುತ್ತಿದ್ದರು. ಮೊದಲನೆಯದಕ್ಕೆ ತೊಂಬತ್ತು. ಮೂರನೆಯದಕ್ಕೆ ಅದಕ್ಕಿಂತಲೂ ಒಂದು ಕೈ ಹೆಚ್ಚು.

ನಾಲ್ಕರಿಂದ ಕಥೆ ಜೋಲತೊಡಗಿತು. ಐದನೆಯದರಲ್ಲಂತೂ ದೋಣಿಯೂ ಇಲ್ಲ, ಹುಡುಗಿಯೂ ಇಲ್ಲ. ಬರೀ ದಂಡು, ದಂಡನಾಯಕರು, ಅವರ ಕುದುರೆಗಳ ವಂಶ, ಅವರು ಉಂಡ ಅಡುಗೆ. ಇದನ್ನು ಬಿಟ್ಟು ಆರನೆಯದಕ್ಕೆ ಹೋಗೋಣ ಅಂತ ನಾನು ಗೋಗರೆದೆ. ಅಕ್ಕೋರು ಒಪ್ಪಲಿಲ್ಲ. ಈ ಸಂಪುಟಕ್ಕೆ ತಾವು ಹದಿನೆಂಟರ ಮೇಲೆ ಕೊಡುವುದಿಲ್ಲ, ಆದರೂ ಹಾರಿಸಿದರೆ ಮುಂದೆ ಯಾರು ಯಾರೆಂಬುದು ತಿಳಿಯುವುದಿಲ್ಲ ಅಂದರು. ದಂಡನಾಯಕರ ಹೆಸರು ಬಂದಾಗ ಸಾಲಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದುತ್ತಿದ್ದರು. ನನಗೆ ನಗು ತಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಾಗೆ ನಗುತ್ತಿರುವಾಗಲೇ ಸೀರೆ ಒದ್ದೆಯಾಯಿತು. ನೋಡಿದರೆ ರಕ್ತ. ಅಕ್ಕೋರು ನನ್ನ ಗಂಡನಿಗೆ ಫೋನ್ ಹಚ್ಚಿ, ಆಟೋ ತರಿಸಿ, ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ದವಾಖಾನೆಗೆ ಕರೆದೊಯ್ದರು. ಪರೀಕ್ಷೆ ಮಾಡಿದ ಡಾಕ್ಟರ್ ಬಾಯಿ ಇಂಜೆಕ್ಷನ್ ಕೊಟ್ಟು, ಸಂಜೆಯವರೆಗೆ ಕಾದು ನೋಡಬೇಕು ಅಂದರು. ಅಷ್ಟೇ. ಹೋದ ಸಲವೂ ಅಷ್ಟೇ ಅಂದಿದ್ದರು...

ಏನಾದರೂ ಓದಿರಿ ಅಂದೆ. ಅಕ್ಕೋರ ಚೀಲದಲ್ಲಿ ಇದ್ದದ್ದು ಐದನೆಯದೇ. ಅವರು ಬಿಟ್ಟ ಪುಟದಿಂದ ಶುರುಮಾಡಿದರು. ಇಂಥವನ ಮಗ ಇಂಥವನು, ಅವನ ಬಿಳಿ ಕುದುರೆ, ಆ ಕುದುರೆಯ ತಾಯಿ... ಅದೇ ಹಾಜರಿ ದನಿ, ಈಗ ಮೆಲ್ಲಗೆ. ಮೂರನೆಯ ಸಂಪುಟವಾಗಿದ್ದರೆ ಆ ನೆರಳುಗಳ ನಡುವೆ ನಾನು ಅಂಜಿಯೇ ಸಾಯುತ್ತಿದ್ದೆ. ಈ ಪುಟಗಳಲ್ಲಿ ಯಾರೂ ಸಾಯುತ್ತಿರಲಿಲ್ಲ, ಏನೂ ಆಗುತ್ತಿರಲಿಲ್ಲ. ಯಾವಾಗಲೋ ಕಣ್ಣು ಮುಚ್ಚಿಕೊಂಡಿತು.

ಎಚ್ಚರಾದಾಗ ಕಿಟಕಿಯಲ್ಲಿ ಇಳಿಬಿಸಿಲು. ಅಕ್ಕೋರು ಇನ್ನೂ ಓದುತ್ತಲೇ ಇದ್ದರು, ದನಿ ಗೊಗ್ಗರಾಗಿತ್ತು. ನಿಲ್ಲಿಸಿದರೆ ನಾನು ಎದ್ದೇನು ಎಂಬ ಅಂಜಿಕೆ ಅವರಿಗೆ. ಕಾಲಬಳಿ ಗಂಡ ನಿಂತಿದ್ದ. ಡಾಕ್ಟರ್ ಬಾಯಿ ಮತ್ತೊಮ್ಮೆ ನೋಡಿ, ರಕ್ತ ನಿಂತಿದೆ, ಕೂಸಿನ ಎದೆಬಡಿತ ಚೆನ್ನಾಗಿದೆ ಅಂದರು. ನಾನು ಅತ್ತುಬಿಟ್ಟೆ. ಅಕ್ಕೋರು ಪುಸ್ತಕ ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹದಿನೆಂಟ ಕೊಟ್ಟಿದ್ನಲ್ಲವ್ವಾ, ಇನ್ನ ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡೂಣು," ಅಂದರು.

ಮಗಳು ಹುಟ್ಟಿದಳು. ಆರನೆಯದನ್ನು ಬಾಣಂತನದಲ್ಲಿ ಓದಿ ಮುಗಿಸಿದೆವು. ಏಳನೆಯದು, ಕೊನೆಯದು, ಆಗಿನ್ನೂ ಬಂದಿರಲಿಲ್ಲ. ಅದು ಅಚ್ಚಾಗುವ ಹೊತ್ತಿಗೆ ಮಗಳು ಸಾಲಿಗೆ ಹೋಗುತ್ತಿದ್ದಳು. ಅಕ್ಕೋರು ತಂಗಿಯ ಜೊತೆ ಬೀಡಿಗೆ ಮರಳಿದ್ದರು. ಫೋನಿನಲ್ಲಿ ಹೇಳಿದರೆ ಬೇಡವೇ ಬೇಡ ಅಂದರು. "ಕೊನೀದು ಕೆಟ್ಟ್ರ ಮೊದಲಿನ ಮೂರೂ ಕೆಡ್ತಾವವ್ವಾ. ಅಂಜಿಕಿ ಬರತೈತಿ ನನಗ."

ನನಗೂ ಅದೇ ಅಂಜಿಕೆ. ಆದರೂ ಖಾಸಬಾಗದ ಒಂದು ಅಂಗಡಿಯಲ್ಲಿ ಪುಸ್ತಕ ಕೊಂಡು ಖಾನಾಪುರದ ಮೇಲೆ ಹಾಯ್ದು ಬೀಡಿಗೆ ಹೋದೆ. ಪುಸ್ತಕ ಕಂಡ ಮೇಲೆ ಅಕ್ಕೋರು ಮತ್ತೆ ಬೇಡ ಅನ್ನಲಿಲ್ಲ, ಆದರೆ ಅವರ ಕಣ್ಣು ಮಂಜಾಗಿತ್ತು. ಈ ಸಲ ಓದಿದವಳು ನಾನು, ಕೆಲವು ಭಾನುವಾರ ಹೋಗಿಬರುತ್ತ. ನಡುವೆ ಮತ್ತೆ ದಂಡನಾಯಕರು ಬಂದಾಗ ಅಕ್ಕೋರು ಹಣೆ ಗಂಟುಹಾಕಿ ಕೂತರು. ಕೊನೆಯ ಅಧ್ಯಾಯದಲ್ಲಿ ತಾಯಿಯ ನೆರಳು ಬಂತು. ಹುಡುಗಿ ಏನನ್ನೂ ಕೇಳದೆ ದೋಣಿಗೆ ಹುಟ್ಟು ಹಾಕಿದಳು. ಓದಿ ಮುಗಿಸಿ ತಲೆಯೆತ್ತಿದೆ.

ಅಕ್ಕೋರು ಎದೆತುಂಬ ಉಸಿರು ಬಿಟ್ಟರು. "ಮೊದಲಿನಷ್ಟ ಚಂದ ಇಲ್ಲ. ಆದ್ರ ಬರದಾಂವ ಕಥೀನ ದಂಡೀಗೆ ಹಚ್ಚ್ಯಾನ ನೋಡು. ಸಾಕು." ಆಮೇಲೆ ತಂಗಿಯನ್ನು ಕರೆದು ಚಹಾ ಇಡಲು ಹೇಳಿದರು. ವಾಪಸು ಬಸ್ಸಿನಲ್ಲಿ ನನಗೆ ಎಂಥ ನಿರಾಳ... ನಾನೇ ಬರೆದು ಮುಗಿಸಿದವಳ ಹಾಗೆ.

ಮುಂದಿನ ಮಳೆಗಾಲದಲ್ಲಿ ಅಕ್ಕೋರು ಹೋದರು. ಪುಸ್ತಕಗಳನ್ನು ಅವರ ತಂಗಿ ನನಗೆ ಕಳಿಸಿಕೊಟ್ಟರು.

ಈಗ ಮಗಳು ಮೊದಲನೆಯದನ್ನು ಹಿಡಿದಿದ್ದಾಳೆ. ನಾನು ಆರನೆಯದನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಹುಡುಗಿ ಖಾಲಿ ದೋಣಿಯಲ್ಲಿ, ಯಾರೂ ಬಾರದ ದಂಡೆಯಲ್ಲಿ, ಒಂದಿಡೀ ಮಳೆಗಾಲ ಕೂತಿರುವ ಭಾಗವಿದೆ. ಅಕ್ಕೋರು ಅದನ್ನು ಎಳೆದಾಟ ಅಂದು ಆ ಸಂಪುಟಕ್ಕೆ ನಲವತ್ತು ಕೊಟ್ಟಿದ್ದರು. ಅದು ತಪ್ಪು ಅನ್ನಿಸುತ್ತದೆ ನನಗೀಗ, ಎಂಬತ್ತಾದರೂ ಸಲ್ಲಬೇಕು. ಹೇಗೆಂದು ಪುಟ ತೆಗೆದು ತೋರಿಸಿ ವಾದಿಸಬಲ್ಲೆ. ಕೇಳಿ, ಒಪ್ಪದೆ, ಕನ್ನಡಕ ಏರಿಸಿಕೊಂಡು ಎದುರು ವಾದಿಸಲು ಅವರಿಲ್ಲ.