ಬಾಲವಿಲ್ಲದ ಇಲಿಗಳ ಹಾಸಿಗೆ

ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಲು ನಾನು ಹೋದಾಗ ಆ ಊರಿನಲ್ಲಿ ನನಗೆ ಬಾಡಿಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಬಾಗಿಲಲ್ಲಿ ನಿಂತ ಕೂಡಲೇ ಎಲ್ಲರೂ ಕೇಳುತ್ತಿದ್ದುದು ಯಜಮಾನರು ಎಲ್ಲಿದ್ದಾರೆ ಎಂದು. ನನ್ನ ಯಜಮಾನರು ಸೊಲ್ಲಾಪುರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದರು. ನಾನು ಇಂಡಿಯಲ್ಲಿದ್ದ ಅಣ್ಣನ ಮನೆಗೆ ಬಂದು, ಅತ್ತಿಗೆಯ ಮುಖ ನೋಡಿ ಉಣ್ಣುವುದು ಸಾಕಾಗಿ, ಕೆಲಸ ಹುಡುಕಿಕೊಂಡು ಹೊರಟಿದ್ದೆ. ಇಷ್ಟನ್ನೂ ಗುರುತಿಲ್ಲದವರ ಹೊಸಿಲಲ್ಲಿ ನಿಂತು ಹೇಳಲಾಗದೆ ಸುಮ್ಮನಿರುತ್ತಿದ್ದೆ. ಆ ಮೌನದಿಂದಲೇ ಅವರು ತಿಳಿಯಬೇಕಾದ್ದನ್ನು ತಿಳಿದುಕೊಳ್ಳುತ್ತಿದ್ದರು.

ಕೊನೆಗೆ ಒಳಗೆ ಬರಮಾಡಿಕೊಂಡವರು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಒಬ್ಬ ಮುಸ್ಲಿಂ ಹೆಂಗಸು. ನನಗಿಂತ ಹದಿನೈದು, ಇಪ್ಪತ್ತು ವರ್ಷಕ್ಕೆ ದೊಡ್ಡವರು. ಓಣಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ನನ್ನ ಗಂಡನ ವಿಷಯ ಕೇಳಲಿಲ್ಲ. "ಬಾವ್ಯಾಗಿನ ನೀರು ನಾನ ಸೇದಿ ಇಡತೇನಿ. ಅದರಾಗ ನಿಮಗೇನೂ ಅಡಚಣಿ ಇಲ್ಲಲ್ರಿ?" ಎಂದು ಮಾತ್ರ ಕೇಳಿದರು. ಇಲ್ಲ ಎಂದೆ. ಹಿತ್ತಲ ಕಡೆಯ ಕೋಣೆಯ ಕೀಲಿ ನನ್ನ ಕೈಗೆ ಬಂತು.

ಅದಾದ ಮೇಲೆ ಅನೇಕ ತಿಂಗಳು ನಮ್ಮ ನಡುವೆ ಮಾತೇ ಇರಲಿಲ್ಲ ಎನ್ನಬಹುದು. ಅವರು ಮುಂದಿನ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರವಿಕೊಂಡು ಕೂತರೆ ಕತ್ತಲಾಗುವವರೆಗೆ ತಲೆ ಎತ್ತುತ್ತಿರಲಿಲ್ಲ. ಶಾಲೆಯ ಸಹೋದ್ಯೋಗಿಗಳು ನನ್ನ ಕೋಣೆಗೆ ಚಹಾಕ್ಕೆ ಬರಲು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಐದು ಗಂಟೆಗೆ ಶಾಲೆಯ ಗಂಟೆ ಬಾರಿಸಿದರೆ ಹುಡುಗಿಯರು ಕುಣಿಯುತ್ತ ಮನೆಗೆ ಓಡುತ್ತಿದ್ದರು. ನಾನು ಆ ಸದ್ದು ಕೇಳಿದ ಮೇಲೂ ಕರಿಹಲಗೆ ಒರೆಸುತ್ತ ತಡ ಮಾಡುತ್ತಿದ್ದೆ. ಅಲ್ಲಿಂದ ಮರುದಿನ ಬೆಳಗಿನವರೆಗೆ ನಾನು ಯಾರೊಂದಿಗೂ ಒಂದು ಮಾತು ಆಡಬೇಕಾಗಿರಲಿಲ್ಲ. ಒಮ್ಮೊಮ್ಮೆ ಸ್ಟೋವಿಗೆ ಗಾಳಿ ಹಾಕುತ್ತ ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ, ಗಂಟಲು ಇನ್ನೂ ಕೆಲಸ ಮಾಡುತ್ತಿದೆಯೇ ನೋಡಲೆಂಬಂತೆ.

ಊರಿನ ದನದ ದವಾಖಾನೆಯ ಡಾಕ್ಟರರ ಮಗಳು ನನ್ನ ತರಗತಿಯಲ್ಲಿದ್ದಳು. ಅವರ ಮನೆಯಲ್ಲಿ ಎರಡು ಗಿನಿಪಿಗ್‌ಗಳಿದ್ದವು. ಮೊಲಕ್ಕಿಂತ ಸಣ್ಣವು, ಇಲಿಗಿಂತ ದೊಡ್ಡವು, ಕಂದು-ಬಿಳಿ ಬಣ್ಣದವು; ಊರಿನ ಮಂದಿ ಅವುಗಳನ್ನು ಬಾಲವಿಲ್ಲದ ಇಲಿ ಎನ್ನುತ್ತಿದ್ದರು. ಡಾಕ್ಟರರಿಗೆ ಮೈಸೂರು ಕಡೆ ವರ್ಗವಾದಾಗ ಅವರ ಹೆಂಡತಿ ನನ್ನನ್ನು ಕರೆಸಿದರು. ಸಾಮಾನು ಕಟ್ಟಿ ಮುಗಿದಿತ್ತು. "ಅಷ್ಟ ದೂರ ಒಯ್ಯಾಕ ಆಗೂದಿಲ್ರಿ ಅಕ್ಕೋರ. ನೀವು ಒಬ್ಬರೇ ಇರ್ತೀರಿ. ಇವು ಇದ್ರ ಮನ್ಯಾಗ ಸಪ್ಪಳಾರ ಇರ್ತೈತಿ," ಎಂದರು. ಆ ಮಾತು ನನಗೆ ಚುಚ್ಚಿತು. ಆದರೂ ಚಹಾಪುಡಿಯ ದೊಡ್ಡ ಪೆಟ್ಟಿಗೆಗೆ ಜಾಳಿಗೆ ಬಡಿದು ಮಾಡಿದ್ದ ಆ ಗೂಡನ್ನು ಟಾಂಗಾದಲ್ಲಿಟ್ಟುಕೊಂಡು ಮನೆಗೆ ಬಂದೆ. ಡಾಕ್ಟರರು ಹೊರಡುವ ಮೊದಲು ಹೇಳಿದ್ದು ಇಷ್ಟೇ: ಗಂಡಿಗೆ ವಯಸ್ಸಾಗಿದೆ, ಹೆಣ್ಣು ಎಳೆಯದು, ಹಸಿ ಮೇವು ತಪ್ಪಿಸಬೇಡಿ, ಕೆಳಗೆ ಹಾಸಿದ್ದು ಒದ್ದೆಯಾಗಲು ಬಿಡಬೇಡಿ.

ಕೆಳಗೆ ಏನು ಹಾಸಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರರ ಮನೆಯಲ್ಲಿ ಹಾಸಿದ್ದು ಏನೋ ಒಣ ಹುಲ್ಲಿನಂಥದು. ಅದು ಎರಡೇ ದಿನಕ್ಕೆ ನಾರತೊಡಗಿತು. ಕಟ್ಟಿಗೆ ಅಡ್ಡೆಯಿಂದ ಮರದ ಪುಡಿ ತಂದು ಹಾಸಿದೆ. ಆಗ ಹೋಟೆಲಿನವರು ಪುಡಿಯ ಒಲೆ ಉರಿಸುತ್ತಿದ್ದುದರಿಂದ ಅದು ಸಿಗುವುದೂ ಕಷ್ಟವೇ ಇತ್ತು. ನೋಡಲು ಮೆತ್ತಗೆ, ಚೊಕ್ಕಟ. ಆದರೆ ಪ್ರಾಣಿಗಳು ಓಡಾಡಿದಂತೆ ಪುಡಿ ಎದ್ದು ಎರಡೂ ಸೀನತೊಡಗಿದವು. ಅಷ್ಟು ಸಣ್ಣ ಪ್ರಾಣಿ ಸೀನುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ನಕ್ಕುಬಿಟ್ಟೆ. ಮರುದಿನ ಗಂಡಿನ ಕಣ್ಣು ಕೆಂಪಾಗಿ ನೀರು ಸುರಿಯುವುದನ್ನು ಕಂಡಾಗ ನಗು ಹೋಯಿತು. ಸಾಣಿಗೆಯಲ್ಲಿ ಜರಡಿ ಹಿಡಿದು ನೋಡಿದೆ. ಧೂಳು ನನ್ನ ಮೂಗಿಗೇ ಹೋಯಿತು.

ಜೋಳದ ಒಣ ಕಣಿಕೆಯ ದಂಟುಗಳನ್ನು ಸಣ್ಣಗೆ ಕತ್ತರಿಸಿ ಹಾಕಿದೆ. ಅದರ ತುದಿ ಮುಟ್ಟಿದರೆ ನನ್ನ ಬೆರಳೇ ಸೀಳುವಂತಿತ್ತು. ಇವುಗಳ ಕಣ್ಣು ನೆಲದಿಂದ ಎರಡು ಬೆರಳು ಎತ್ತರದಲ್ಲಿರುತ್ತವೆ. ತೆಗೆದುಹಾಕಿದೆ. ಆಮೇಲೆ ಅಂಗಡಿಯೊಂದರ ಹಿಂದೆ ಸಾಮಾನು ಬಂದ ದೇವದಾರು ಪೆಟ್ಟಿಗೆಗಳನ್ನು ಒಡೆದು ಹೆರೆದ ಸಿಪ್ಪೆ ಸಿಕ್ಕಿತು. ಎಂಥ ಘಮ! ಕೋಣೆಯೆಲ್ಲ ಯಾವುದೋ ದೂರದ ತಂಪು ನಾಡಿನಂತಾಯಿತು. ಗೂಡನ್ನು ನನ್ನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು ಮಲಗಿದೆ. ನನಗೆ ಅಷ್ಟು ಹಿತವಾದ ವಾಸನೆ ಅವುಗಳಿಗೆ ಆಗಲಿಲ್ಲ. ಗಂಡು ಮೂಲೆ ಹಿಡಿದು ಕೂತು, ಪಕ್ಕೆ ಒಳಕ್ಕೆಳೆದುಕೊಂಡು ಉಸಿರಾಡತೊಡಗಿತು. ಸಿಪ್ಪೆ ತೆಗೆದು, ಬರೀ ಗೋಣಿಚೀಲದ ಮೇಲೆ ಇಟ್ಟರೂ ಅದು ಚೇತರಿಸಿಕೊಳ್ಳಲಿಲ್ಲ. ಹೊಸ ಡಾಕ್ಟರರು ಇನ್ನೂ ಬಂದಿರಲಿಲ್ಲ; ದವಾಖಾನೆಯ ಕಂಪೌಂಡರ್ ಎಮ್ಮೆಯಾದರೆ ನೋಡಬಹುದಿತ್ತು ಎಂದ. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಗಂಡು ಸತ್ತಿತ್ತು. ಸಿಪ್ಪೆಯಿಂದಲೋ ವಯಸ್ಸಿನಿಂದಲೋ ಇಂದಿಗೂ ತಿಳಿಯದು. ಹೆಣ್ಣು ಅದರ ಪಕ್ಕದಲ್ಲೇ ಕೂತು ಮೇವು ತಿನ್ನುತ್ತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು. ಮರುಗಳಿಗೆಗೆ ಆ ಸಿಟ್ಟು ನಾಚಿಕೆಯಾಗಿ ಮಾರ್ಪಟ್ಟಿತು.

ಹೆಣ್ಣು ಬಸುರಿಯಾಗಿತ್ತು. ದಿನದಿನಕ್ಕೆ ಅದು ಸೋರೆಬುರುಡೆಯಂತೆ ಉಬ್ಬುತ್ತ ಹೋದದ್ದನ್ನು ನಾನು ಹೆದರಿಕೆಯಿಂದ ನೋಡುತ್ತಿದ್ದೆ. ಅದೇ ದಿನಗಳಲ್ಲಿ ಒಂದು ಸಂಜೆ ಆಪಾ ಮೊದಲ ಸಲ ನನ್ನ ಕೋಣೆಯ ಬಾಗಿಲು ದಾಟಿ ಒಳಗೆ ಬಂದರು. ನೀರಿನ ಕೊಡ ಇಳಿಸಲು ಬಂದವರು ಹಿಂದಿರುಗದೆ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿ, ಗೋಣಿಯನ್ನು ಬೆರಳಿನಿಂದ ಒತ್ತಿ, ಇದು ಬಿರುಸು ಎಂದರು. ಒಳಗೆ ಹೋಗಿ ಒಂದು ಸಣ್ಣ ಕೌದಿ ತಂದರು. ತೊಟ್ಟಿಲಿಗೆ ಹಾಕುವ ಅಳತೆಯದು. ಹಳದಿ, ಹಸಿರು, ಕುಂಕುಮ ಬಣ್ಣದ ತುಂಡುಗಳು, ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆಗಳು. ಇಷ್ಟು ಚಂದದ್ದು ಬೇಡ ಎಂದೆ. "ಪೆಟ್ಟಿಗ್ಯಾಗ ಸುಮ್ಮ ಬಿದ್ದೈತ್ರಿ," ಎಂದು ತಾವೇ ಮಡಚಿ ಹಾಸಿದರು.

ಒಂದು ಭಾನುವಾರ ಬೆಳಿಗ್ಗೆ ಮೂರು ಮರಿಗಳು ಹುಟ್ಟಿದವು. ಇಲಿಮರಿಗಳಂತೆ ಕಣ್ಣುಮುಚ್ಚಿದ ಮಾಂಸದ ಮುದ್ದೆಗಳಿರುತ್ತವೆ ಎಂದುಕೊಂಡಿದ್ದೆ. ಇವು ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಬಂದವು. ಸ್ವಲ್ಪ ಹೊತ್ತಿಗೆಲ್ಲ ತಾಯಿಯ ಹಿಂದೆ ಓಡಾಡತೊಡಗಿದವು. ಜಗತ್ತಿಗೆ ಇಷ್ಟು ತಯಾರಾಗಿ ಬರುವ ಜೀವವನ್ನು ನಾನು ಕಂಡಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಪಡಸಾಲೆಗೆ ಓಡಿಹೋಗಿ ಆಪಾನನ್ನು ಕರೆದುಕೊಂಡು ಬಂದೆ. ಇಬ್ಬರೂ ಗೂಡಿನ ಮುಂದೆ ಕೂತು ಒಂದು ಹೊತ್ತಿನ ಅಡುಗೆಯನ್ನೇ ಮರೆತೆವು.

ಕೆಲವು ದಿನಗಳ ಮೇಲೆ ಮರಿಯೊಂದು ಹಿಂಗಾಲು ಎಳೆಯುತ್ತಿರುವುದು ಕಣ್ಣಿಗೆ ಬಿತ್ತು. ಎತ್ತಲು ಹೋದರೆ ಕೌದಿಯೂ ಜೊತೆಗೇ ಬಂತು. ತಾಯಿ ಹೊಲಿಗೆಗಳನ್ನು ಕಡಿದಿತ್ತು. ಬಿಚ್ಚಿಕೊಂಡ ದಾರ ಮರಿಯ ಪಾದಕ್ಕೆ ಸುತ್ತಿ ಸುತ್ತಿ ಬಿಗಿದಿತ್ತು. ಕಾಲು ನೀಲಿಗಟ್ಟಿ ಊದಿಕೊಂಡಿತ್ತು. ನಾನು ಕೂಗಿದ್ದು ಕೇಳಿ ಆಪಾ ಕತ್ತರಿ, ಸೂಜಿ ಹಿಡಿದುಕೊಂಡೇ ಬಂದರು. ಮರಿಯನ್ನು ನನ್ನ ಅಂಗೈಯಲ್ಲಿ ಅಂಗಾತ ಹಿಡಿಸಿದರು. ದಾರ ಎಲ್ಲಿಂದ ಬಂದಿದೆ ಎಂದು ಹುಡುಕುತ್ತ ಕೂರಲಿಲ್ಲ. ಕೌದಿಯ ಮೇಲೆ ಅಡ್ಡಡ್ಡ ಕತ್ತರಿ ಆಡಿಸಿ ಅದನ್ನು ಎರಡು ತುಂಡು ಮಾಡಿದರು. ಬಿಗಿತ ಸಡಿಲಾದ ಮೇಲೆ ಸೂಜಿಯ ಮೊಂಡು ತುದಿಯಿಂದ ಚರ್ಮದೊಳಗೆ ಹೂತಿದ್ದ ದಾರವನ್ನು ಎಳೆ ಎಳೆಯಾಗಿ ಎಬ್ಬಿಸಿ ಕತ್ತರಿಸಿದರು. ಅಷ್ಟು ಹೊತ್ತೂ ಅವರ ಉಸಿರು ನನ್ನ ಮುಂಗೈಗೆ ತಾಗುತ್ತಿತ್ತು. ಮನುಷ್ಯರ ಉಸಿರು ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಯಿತು ಎಂದು ನನಗೆ ಆ ಗಾಬರಿಯಲ್ಲೂ ಅನಿಸಿತು.

ಕಾಲಿಗೆ ಅರಿಸಿನ ಹಚ್ಚಿ ಮರಿಯನ್ನು ತಾಯಿಯ ಬಳಿ ಬಿಟ್ಟೆವು. ಕೌದಿಯ ತುಂಡುಗಳು ನೆಲದ ಮೇಲಿದ್ದವು. ಇದನ್ನು ಯಾರಿಗಾಗಿ ಹೊಲಿದದ್ದು ಎಂದು ಕೇಳಿದೆ.

"ಮಗಳ ಕೂಸಿಗಿ," ಎಂದರು ಆಪಾ. "ಅದು ಈಗ ಓಡ್ಯಾಡಾಕತ್ತಿರಬೇಕು. ನಾನು ಇನ್ನೂ ಮುಖಾ ನೋಡಿಲ್ರಿ. ಅಳಿಯಗ ನಾನಂದ್ರ ಆಗೂದಿಲ್ಲ, ಮಗಳನ್ನ ಕಳಸೂದಿಲ್ಲ."

ಗೊತ್ತಿದ್ದರೆ ಕತ್ತರಿಸಲು ಬಿಡುತ್ತಿರಲಿಲ್ಲ ಎಂದೆ.

"ದಾರಾ ಮತ್ತ ಹಾಕ್ತೇನಿ ಅಕ್ಕೋರ. ಕಾಲು ಎಲ್ಲಿಂದ ತರೂದ್ರಿ?"

ಅವರು ಅಳಲಿಲ್ಲ. ತುಂಡುಗಳನ್ನು ಜಾಡಿಸಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಹೋದರು. ನಾನು ಆ ದಿನ ನನ್ನ ಸಂಗತಿಯನ್ನೂ ಅವರಿಗೆ ಹೇಳಬೇಕಿತ್ತು. ಹೇಳದೆ ನೆಲದ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಆರಿಸತೊಡಗಿದೆ.

ಬಟ್ಟೆ ಆಗದು ಎಂದು ತಿಳಿದ ಮೇಲೆ ಅರಳೆಯ ಯೋಚನೆಯನ್ನೂ ಬಿಟ್ಟೆ. ಎಳೆಯಾಗಿ ಬಿಚ್ಚಿಕೊಳ್ಳುವುದು ಯಾವುದೂ ಬೇಡವೆನಿಸಿತು. ಬಡಿಗೇರರ ಅಂಗಳದಲ್ಲಿ ಬಂಡಿಗೆ, ಕುಂಟೆಗೆ ಜಾಲಿ ಮರ ಹೆರೆಯುವಾಗ ಬೀಳುವ ಅಗಲವಾದ ಸುರುಳಿ ಸಿಪ್ಪೆಯನ್ನು ಆರಿಸಿ ತಂದೆ. ಒಲೆಗೆ ಏನ್ರಿ ಎಂದು ಅವರು ಕೇಳಿದರೆ ಹೌದು ಎನ್ನುತ್ತಿದ್ದೆ. ನಿಜ ಹೇಳಿದರೆ ಮಾತು ಬೆಳೆಯುತ್ತಿತ್ತು. ಅದನ್ನು ಕೊಡವಿ, ಬಿಸಿಲಿಗೆ ಹರವಿ, ಮೂಗಿಗೆ ಹಿಡಿದು ಘಾಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಹಾಸಿದೆ. ಮೇಲೆ ಬದುವಿನ ಎಳೆಯ ಹುಲ್ಲನ್ನು ಒಣಗಿಸಿ ಹರಡಿದೆ. ಮರಿಗಳು ಅದರಲ್ಲಿ ಸುರಂಗ ಮಾಡಿಕೊಂಡು ಮೂತಿ ಮಾತ್ರ ಹೊರಗಿಟ್ಟು ಮಲಗಿದವು. ಸೀನಲಿಲ್ಲ, ಕೆರೆದುಕೊಳ್ಳಲಿಲ್ಲ. ಕುಂಟುಮರಿಯ ಕಾಲು ಉಳಿಯಿತು, ಒಂದು ಬೆರಳು ಮಾತ್ರ ಹೋಯಿತು. ಹುಲ್ಲು ಒಣಗಿಸುವ ಕೆಲಸ ಆಪಾ ತಾವೇ ಹಚ್ಚಿಕೊಂಡರು. ಸಂಜೆ ನಾನು ಬರುವ ಹೊತ್ತಿಗೆ ಹಿತ್ತಲಲ್ಲಿ ಕೂತಿರುತ್ತಿದ್ದರು. ಮಾತು ಈಗಲೂ ಕಡಿಮೆಯೇ. ಆದರೆ ಶಾಲೆಯ ಗಂಟೆ ಬಾರಿಸಿದರೆ ನನ್ನ ಕಾಲೂ ಸ್ವಲ್ಪ ಬೇಗ ಬೇಗ ಬೀಳತೊಡಗಿದ್ದವು.

ಮುಂದಿನ ವರ್ಷ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮೂರೂ ಹೆಣ್ಣುಮರಿಗಳನ್ನು ಆಪಾನಿಗೆ ಬಿಟ್ಟು, ತಾಯಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಲು ಕಾಯುತ್ತ ಕೂತಾಗ ಅದು ಬುಟ್ಟಿಯೊಳಗಿಂದ ಶಿಳ್ಳೆ ಹಾಕಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬುಟ್ಟಿಯಲ್ಲಿ ಹಕ್ಕಿ ಇದೆಯೇ ಎಂದು ಕೇಳಿದಳು. ಹೂಂ ಎಂದೆ. ಮುದ್ದೇಬಿಹಾಳದಲ್ಲಿ ಮನೆ ಸುಲಭವಾಗಿ ಸಿಕ್ಕಿತು. ವಿಧವೆ ಎಂದು ಹೇಳುವುದನ್ನು ನಾನು ಅಷ್ಟರಲ್ಲಿ ಕಲಿತಿದ್ದೆ.

ಬೇಸಿಗೆ ರಜೆಯಲ್ಲಿ ಆಪಾನನ್ನು ನೋಡಲು ಹೋದೆ. ದಾರಿಯುದ್ದಕ್ಕೂ ಅವರಿಗೆ ಈ ಸಲ ಎಲ್ಲವನ್ನೂ ಹೇಳಿಬಿಡಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಒಂದು ಪುಟ್ಟ ಹುಡುಗಿ ಹೊಟ್ಟೆಯ ಮೇಲೆ ಮಲಗಿ ಗೂಡಿನೊಳಗೆ ಗಜ್ಜರಿಯ ಸೊಪ್ಪು ತುರುಕುತ್ತಿದ್ದಳು. ಗೂಡಿನಲ್ಲಿ ಸಿಪ್ಪೆ ಒಣಗಿ ಗರಿಗರಿಯಾಗಿತ್ತು. ಎರಡನೆಯ ಹೆರಿಗೆಗೆ ಮಗಳು ಬಂದಿದ್ದಳು. ಅಳಿಯನ ತಾಯಿ ಕಾಯಿಲೆ ಬಿದ್ದು, ಅಲ್ಲಿ ಬಾಣಂತನ ಮಾಡುವವರಿಲ್ಲದೆ, ಆತ ಕಳಿಸದೆ ವಿಧಿಯಿರಲಿಲ್ಲವಂತೆ. ಆಪಾ ನನ್ನ ಕೈಗಳನ್ನು ಹಿಡಿದುಕೊಂಡರು, ಚಹಾ ಮಾಡಿದರು, ಮೂರು ಸಲ ಒಳಗೆ ಹೋಗಿ ಬಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಳಗಿನಿಂದ ಮಗಳು ಕರೆದಳು. ನಡುವೆ ಮಾತು ನಿಲ್ಲಿಸಿ ಎದ್ದುಹೋದರು. ಹುಡುಗಿ ನನ್ನತ್ತ ನೋಡಿ, ನೀವು ಯಾರು ಎಂದು ಕೇಳಿದಳು. ಇಲ್ಲಿ ಹಿಂದೆ ಬಾಡಿಗೆಗೆ ಇದ್ದವಳು ಎಂದೆ.

ಇರ್ರಿ ಎಂದು ಆಪಾ ಒತ್ತಾಯಿಸಿದರೂ ಮಧ್ಯಾಹ್ನದ ಬಸ್ಸಿಗೇ ಹೊರಟೆ. ನಿಜವಾಗಿಯೂ ನನಗೆ ಸಂತೋಷವಾಗಿತ್ತು. ಆ ಸಂತೋಷವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ಕಟಾವಾದ ಜೋಳದ ಕೂಳೆಗಳನ್ನು ನೋಡುತ್ತ, ಹೇಳಬೇಕೆಂದಿದ್ದ ಮಾತುಗಳನ್ನು ಒಂದೊಂದಾಗಿ ಬಿಚ್ಚಿ ಮರೆಯುತ್ತ, ಮುದ್ದೇಬಿಹಾಳ ಮುಟ್ಟುವಾಗ ಸಂಜೆಯಾಗಿತ್ತು.