ಸೊನ್ನೆ ಬರೆಯಬೇಕಾದ ಜಾಗ

ದ್ವೀಪದ ಚಿಕ್ಕ ಆಸ್ಪತ್ರೆಯಲ್ಲಿ ನರ್ಸಿನ ಸಹಾಯಕಿಯಾಗಿ ಇಪ್ಪತ್ತೆರಡು ವರ್ಷ ದುಡಿದ ಡೆಲ್ವಿನಾಳ ಕೈ ಹೆರಿಗೆ ಕೋಣೆಯಲ್ಲಿ ಒಮ್ಮೆಯೂ ನಡುಗಿದ್ದಿಲ್ಲ. ಅಂಥವಳಿಗೆ ಈಗ ಅರ್ಜಿ ಕಂಡರೆ ಎದೆ ಡವಗುಟ್ಟುತ್ತದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ಸಂಘದವರು ಅವಳನ್ನು ಕಾರ್ಯದರ್ಶಿ ಮಾಡಿ ಕೂರಿಸಿದ್ದರು. ದುಂಡಗೆ ಬರೆದದ್ದೇ ತಪ್ಪಾಯಿತು ನೋಡಿ!

ವಿದೇಶದ ಸಂಸ್ಥೆಯೊಂದು ಈ ಸಲ ಎರಡು ಬಗೆಯ ಅನುದಾನ ಕೊಡುತ್ತಿತ್ತು. ಆದರೆ ಒಂದು ಸಂಘಕ್ಕೆ ಒಂದೇ ಅರ್ಜಿ. ಕೈ ತೊಳೆಯುವುದನ್ನು ಕಲಿಸುವ ಶಿಬಿರಕ್ಕೆ ಕೇಳಿದರೆ ಸಿಕ್ಕಿತೆಂದೇ ಲೆಕ್ಕ. ಹೆರುವವರನ್ನು ಆಸ್ಪತ್ರೆಗೆ ತರುವ ದೋಣಿಯ ಎಂಜಿನ್ನಿಗಾದರೋ ಹತ್ತು ದ್ವೀಪದವರು ಕಾದು ಕೂತಿದ್ದರು. ಗೀಜೋ ಪೇಟೆಗೆ ಹೋಗುವ ಹಡಗು ಮಧ್ಯಾಹ್ನ ಹೊರಡುತ್ತಿತ್ತು. ಅರ್ಜಿ ಅದರಲ್ಲೇ ಹೋಗಬೇಕು.

"ಶಿಬಿರಕ್ಕೇ ಹಾಕು ಮಾರಾಯ್ತಿ," ಎಂದ ಅಧ್ಯಕ್ಷ ಜೋಥಮ್, ಅಡಿಕೆಯ ಸುಣ್ಣ ಹತ್ತಿದ ಬೆರಳು ಒರೆಸುತ್ತ. "ಕೈಗೆ ಬಂದದ್ದು ಬಿಟ್ಟು ಎಂಜಿನ್ನೇ ಬೇಕಂತೆ! ಮಗಳು ಬಸುರಿ ಅಂತ ತಾನೆ?"

ಮಾತು ಚುಚ್ಚಿತು. ಮಗಳು ಮೆರಿಂಡಾ ಇದ್ದದ್ದು ಕಡಲಿನ ಆಚೆ ದಡದಲ್ಲಿ. ದಿನ ತುಂಬಲು ಇನ್ನೊಂದೇ ತಿಂಗಳು, ಅಲ್ಲಿಯವರೆಗೆ ಕಳಿಸುವುದಿಲ್ಲವೆಂದು ಅವಳ ಅತ್ತೆಯ ಹಟ. ತಾನು ಯೋಚಿಸುತ್ತಿರುವುದು ಸಂಘಕ್ಕಾಗಿಯೋ ಮಗಳಿಗಾಗಿಯೋ ಎಂದು ಡೆಲ್ವಿನಾಳಿಗೇ ತಿಳಿಯದಾಗಿತ್ತು.

"ಭಯ ಇದೆ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ಅವರ ಉತ್ತರ ಬರೋದೇ ಏಪ್ರಿಲ್‌ಗೆ. ಅಷ್ಟೊತ್ತಿಗೆ ಮೊಮ್ಮಗು ಬೋರಲು ಬಿದ್ದಿರತ್ತೆ. ನನ್ನ ಮಗಳಿಗೆ ಆ ಹಳೇ ಎಂಜಿನ್ನೇ ಗತಿ."

"ಹಳೇದಾದ್ರೂ ಮಾನವಂತ ಎಂಜಿನ್ನು ಅಕ್ಕ," ಬಾಗಿಲಲ್ಲಿ ನಿಂತಿದ್ದ ದೋಣಿಯ ರೋನ್ಸ್ಲಿ ಎಂದ. "ಹನ್ನೊಂದು ಸಲ ಹಗ್ಗ ಎಳೆದ್ರೆ ಸ್ಟಾರ್ಟ್ ಆಗೇ ಆಗತ್ತೆ."

ಯಾರೂ ನಗಲಿಲ್ಲ. ಜೋಥಮ್ ಅರ್ಜಿಯನ್ನು ಅವಳತ್ತ ತಳ್ಳಿ, "ಮಗಳಿಗಲ್ಲ ಅಂದ್ಮೇಲೆ ಹೋಗ್ಲಿ, ಎಂಜಿನ್ನಿಗೇ ಬರಿ," ಎಂದ.

ನಾಲ್ಕನೇ ಪ್ರಶ್ನೆಗೆ ಬಂದು ಪೆನ್ನು ನಿಂತಿತು. ದೋಣಿ ಸಿಗದೆ ಮೂರು ವರ್ಷದಲ್ಲಿ ಸತ್ತ ಬಸುರಿ-ಬಾಣಂತಿಯರೆಷ್ಟು, ಅವರ ಹೆಸರೇನು? ಒಬ್ಬಳೂ ಇಲ್ಲ. ರೋನ್ಸ್ಲಿ ಎಲ್ಲರನ್ನೂ ಹೇಗೋ ದಡ ಮುಟ್ಟಿಸಿದ್ದ.

"ಸೊನ್ನೆ ಅಂತ ಬರೆದ್ರೆ ಯಾವನು ಕೊಡ್ತಾನೆ?" ಎಂದ ಜೋಥಮ್. "ಎರಡು ಹೆಸರು ಹಾಕು. ಯಾರು ಬಂದು ಗೋರಿ ಎಣಿಸ್ತಾರೆ?"

ಹಡಗು ಕೂಗಿತು. ಡೆಲ್ವಿನಾ ಪೆನ್ನು ಎತ್ತಿಕೊಂಡಳು. ಮುಂದೆ ಹೆರುವವರಿಗಾಗಿ ಒಂದು ಸುಳ್ಳು ಹೇಳಿದರೇನಂತೆ? ಯಾವುದಾದರೊಂದು ಹೆಂಗಸಿನ ಹೆಸರು ಸಾಕು. ಯೋಚಿಸುತ್ತಲೇ ಬರೆಯತೊಡಗಿ, ಕಾಗದ ನೋಡಿದಳು. 'ಮೆರಿಂ' ಎಂದು ಬರೆದಾಗಿತ್ತು.

ಅಯ್ಯೋ! ಕಾಗದ ಹರಿಯುವ ತನಕ ಗೀಚಿ ಗೀಚಿ ಅಳಿಸಿದಳು.

"ಏನಾಯ್ತೇ?"

"ಏನಿಲ್ಲಣ್ಣ." ತೂತಿನ ಪಕ್ಕದಲ್ಲಿ ದುಂಡಗೆ ಒಂದು ಸೊನ್ನೆ ಬರೆದಳು. ಅದರ ಕೆಳಗೆ: 'ಯಾರೂ ಸತ್ತಿಲ್ಲ. ನಮ್ಮ ಎಂಜಿನ್ನಿನ ಹಗ್ಗವನ್ನು ಹನ್ನೊಂದು ಸಲ ಎಳೆಯಬೇಕು. ರೋನ್ಸ್ಲಿ ಎಳೆಯುತ್ತಾನೆ.'

ಅರ್ಜಿ ಹಡಗು ಹತ್ತಿತು. ಜೋಥಮ್ ಗೊಣಗುತ್ತ ಮನೆಗೆ ಹೋದ. ಡೆಲ್ವಿನಾ ಮಾತ್ರ ದಡದಲ್ಲೇ ಉಳಿದಳು.

"ಒಂದ್ಸಲ ಎಳೆಯೋ ರೋನ್ಸ್ಲಿ, ನೋಡೋಣ."

ಅವನು ಎಳೆದ. ಅವಳು ಎಣಿಸಿದಳು. ಒಂಬತ್ತು, ಹತ್ತು, ಹನ್ನೊಂದು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಹನ್ನೆರಡು. ಹದಿಮೂರು. ಹದಿನಾಲ್ಕಕ್ಕೆ ಸ್ಟಾರ್ಟ್ ಆಯಿತು.

"ಇವತ್ತ್ಯಾಕೋ ಹಟ ಮಾಡ್ತು ಅಕ್ಕ," ಎಂದು ನಗುತ್ತ ಅವನು ಆರಿಸಲು ಬಗ್ಗಿದ.

"ಆರಿಸ್ಬೇಡ!" ಡೆಲ್ವಿನಾ ಉದ್ದನೆಯ ಅಂಗಿಯನ್ನು ಮೊಣಕಾಲಿಗೆತ್ತಿ ನೀರಿಗಿಳಿದಳು. "ಆರಿಸ್ಬೇಡ ಕಣೋ. ಅವಳತ್ತೆ ಏನು ಬೇಕಾದ್ರೂ ಅನ್ಲಿ. ನಡಿ, ಈಗ್ಲೇ ಮೆರಿಂಡಾನ ಕರ್ಕೊಂಡು ಬರೋಣ."